ಬಿಪಿ ನೋಡಿದವರ ಲೆಕ್ಕ ಇದೆ, ಹತೋಟಿಗೆ ಬಂದವರ ಲೆಕ್ಕ ಎಲ್ಲಿ?

ನಮ್ಮಪ್ಪನ ಹತ್ತಿರ ಒಂದು ಪ್ಲಾಸ್ಟಿಕ್ ಫೈಲ್ ಇದೆ. ಅದರಲ್ಲಿ ನಾಲ್ಕು ವರ್ಷದ ಡಾಕ್ಟರ್ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು, ಆ ಶಿಸ್ತು ಇನ್ನೂ ಬಿಟ್ಟಿಲ್ಲ. ಒಂದೊಂದು ಚೀಟಿಯ ಮೂಲೆಯಲ್ಲೂ ಬಿಪಿ ಬರೆದಿದೆ. 158/96. ಮೂರು ತಿಂಗಳು ಬಿಟ್ಟು 154/98. ಆಮೇಲೆ 162/94. ಕೆಳಗೆ ಅದೇ ಮಾತ್ರೆ, ಅದೇ ಡೋಸ್. ಮೂರು ಬೇರೆ ಬೇರೆ ಕ್ಲಿನಿಕ್ಕು, ಐದು ಬೇರೆ ಬೇರೆ ಕೈಬರಹ. ಎಲ್ಲರೂ ಹೇಳಿದ್ದು ಒಂದೇ ಮಾತು: "ಸ್ವಲ್ಪ ಜಾಸ್ತಿ ಇದೆ ಮೇಷ್ಟ್ರೇ, ಉಪ್ಪು ಕಮ್ಮಿ ಮಾಡಿ, ಮುಂದಿನ ಸಲ ನೋಡೋಣ."

ಮುಂದಿನ ಸಲ ಅನ್ನೋದು ಒಂದು ಬೆಳಿಗ್ಗೆ ಬಂತು. ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳೋಕೆ ಆಗಲಿಲ್ಲ, ಬಲಗೈ ಮಾತು ಕೇಳ್ತಿರಲಿಲ್ಲ. ಲಕ್ವ. ಬೇಗ ಆಸ್ಪತ್ರೆ ಮುಟ್ಟಿದ್ದರಿಂದ ಬಹುಪಾಲು ಚೇತರಿಸಿಕೊಂಡರು. ಸ್ಕೂಟರ್ ಮಾತ್ರ ಮಾರಿಬಿಟ್ಟೆವು.

ಆ ಫೈಲ್ ಹಿಡಿದುಕೊಂಡು ಕೆಲವು ದಿನ ನಾನು ಡಾಕ್ಟರುಗಳನ್ನೆಲ್ಲ ಮನಸ್ಸಿನಲ್ಲೇ ಬೈದೆ. ಆಮೇಲೆ ಕೂತು ಒಂದೊಂದೇ ಚೀಟಿ ನೋಡಿದಾಗ ಸಿಟ್ಟು ಗೊಂದಲಕ್ಕೆ ತಿರುಗಿತು. ಬಿಡಿಯಾಗಿ ನೋಡಿದರೆ ಯಾರೂ ದೊಡ್ಡ ತಪ್ಪು ಮಾಡಿರಲಿಲ್ಲ. ಜ್ವರಕ್ಕೆ, ಮಂಡಿನೋವಿಗೆ ಅಂತ ಹೋದ ವಯಸ್ಸಾದವರ ಬಿಪಿ ಒಂದು ಸಲ 158 ಬಂದರೆ, ಮೆಟ್ಟಿಲು ಹತ್ತಿ ಬಂದಿದ್ದಾರೆ, ಗಾಬರಿ ಇರಬಹುದು ಅಂದುಕೊಳ್ಳೋದು ಸಹಜ. ಆದರೆ ಆ ಹದಿನಾಲ್ಕು ಚೀಟಿಗಳನ್ನು ಒಟ್ಟಿಗೆ ನೋಡುವ ಕೆಲಸ ಯಾರದ್ದೂ ಆಗಿರಲಿಲ್ಲ. ಬಿಪಿ ಅಳೆಯುವವರು ಇದ್ದರು, ಅದನ್ನು ಇಳಿಸುವ ಜವಾಬ್ದಾರಿ ಹೊತ್ತವರು ಇರಲಿಲ್ಲ.

ಎಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇತ್ತು. ಕಷ್ಟಪಟ್ಟು ಪಾಸಾದೆ, ತಲೆಯಲ್ಲಿ ಉಳಿದದ್ದು ಸ್ವಲ್ಪವೇ. ಮನೆಯ ಗೀಸರ್ ನೀರಿನ ಬಿಸಿ ಅಳೆಯುತ್ತೆ, ಬೇಕಾದ ಬಿಸಿಗೆ ಹೋಲಿಸುತ್ತೆ, ಕಮ್ಮಿ ಇದ್ದರೆ ಕಾಯಿಲ್ ಆನ್ ಮಾಡುತ್ತೆ, ಮತ್ತೆ ಅಳೆಯುತ್ತೆ. ಇದರಲ್ಲಿ ಅಳೆಯುವ ಭಾಗ ಮಾತ್ರ ಇಟ್ಟು ಉಳಿದದ್ದು ಕಿತ್ತುಹಾಕಿದರೆ ಸಿಗೋದು ಗೀಸರ್ ಅಲ್ಲ, ಥರ್ಮಾಮೀಟರ್. ನಾಲ್ಕು ವರ್ಷ ಅಪ್ಪನಿಗೆ ಸಿಕ್ಕಿದ್ದು ಥರ್ಮಾಮೀಟರ್ ಚಿಕಿತ್ಸೆ.

ವೈದ್ಯಕೀಯದಲ್ಲಿ ಇದಕ್ಕೆ ಚಿಕಿತ್ಸಾ ಜಡತ್ವ ಅಂತಾರೆ. ಬಿಪಿ ಹೆಚ್ಚಿದೆ ಅಂತ ಗೊತ್ತಿದ್ದೂ ಔಷಧ ಬದಲಿಸದೆ ಇರುವುದು. ಇದು ತಿಪಟೂರಿನ ರೋಗವಲ್ಲ, ಇಡೀ ಜಗತ್ತಿನದು. ವಿಶ್ವ ಆರೋಗ್ಯ ಸಂಸ್ಥೆ ರಕ್ತದೊತ್ತಡದ ಬಗ್ಗೆ ತನ್ನ ಮೊದಲ ಜಾಗತಿಕ ವರದಿಯನ್ನು 2023ರಲ್ಲಿ ಬಿಡುಗಡೆ ಮಾಡಿತು. ಅದರ ಪ್ರಕಾರ ಅಧಿಕ ರಕ್ತದೊತ್ತಡ ಇರುವ ಐವರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ. ಭಾರತದಲ್ಲಿ ಈ ತೊಂದರೆ ಇರುವ ವಯಸ್ಕರು ಸುಮಾರು 18.8 ಕೋಟಿ. ಇವರಲ್ಲಿ ಅರ್ಧದಷ್ಟು ಜನರ ಬಿಪಿಯನ್ನಾದರೂ ಹತೋಟಿಗೆ ತಂದರೆ 2040ರೊಳಗೆ 46 ಲಕ್ಷ ಸಾವು ತಪ್ಪಿಸಬಹುದು ಅನ್ನುತ್ತೆ ಅದೇ ವರದಿ.

ತಮಾಷೆ ಅಂದ್ರೆ, ಇದಕ್ಕೆ ಬೇಕಾದ ಔಷಧಗಳು ಹಳೆಯವು, ಪೇಟೆಂಟ್ ಮುಗಿದವು, ಅಗ್ಗದವು. ಅಳೆಯುವ ಯಂತ್ರ ಈಗ ಮೆಡಿಕಲ್ ಶಾಪಿನಲ್ಲೇ ಸಿಗುತ್ತೆ. ಹಾಗಿದ್ದರೆ ಸಿಕ್ಕಿಹಾಕಿಕೊಂಡಿರುವುದು ಎಲ್ಲಿ? ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರ ಅಮೆರಿಕದ ಒಂದು ಪ್ರಾದೇಶಿಕ ಆರೋಗ್ಯ ಸಂಸ್ಥೆಯದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಕ್ಯಾಲಿಫೋರ್ನಿಯಾದ ಪಟ್ಟಿ

ಕೈಸರ್ ಪರ್ಮನೆಂಟೆ ಅನ್ನೋ ಹೆಸರು ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ಕನ್ನಡಿಗರಿಗೆ ಹೊಸದಲ್ಲ, ಕೆಲವರ ಪರ್ಸಿನಲ್ಲೇ ಅದರ ಕಾರ್ಡ್ ಇರುತ್ತೆ. ಇದರ ಹುಟ್ಟು 1930ರ ದಶಕದ್ದು. ಸಿಡ್ನಿ ಗಾರ್ಫೀಲ್ಡ್ ಎಂಬ ವೈದ್ಯ ಮರುಭೂಮಿಯಲ್ಲಿ ಕಾಲುವೆ ಕಟ್ಟುತ್ತಿದ್ದ ಕಾರ್ಮಿಕರಿಗೆ ದಿನಕ್ಕೆ ಐದು ಸೆಂಟ್ ಮುಂಗಡ ಪಡೆದು ಚಿಕಿತ್ಸೆ ಕೊಡುತ್ತಿದ್ದರು. ಆಮೇಲೆ ಹೆನ್ರಿ ಕೈಸರ್ ಎಂಬ ಉದ್ಯಮಿಯ ಅಣೆಕಟ್ಟು ಮತ್ತು ಹಡಗುಕಟ್ಟೆಯ ಕಾರ್ಮಿಕರಿಗೆ ಇದೇ ಪದ್ಧತಿ ಬಂತು. 1945ರಲ್ಲಿ ಸಾರ್ವಜನಿಕರಿಗೂ ತೆರೆಯಿತು. ಇಲ್ಲಿ ವಿಮೆ ಮತ್ತು ಆಸ್ಪತ್ರೆ ಒಂದೇ ಛಾವಣಿಯಡಿ ಇವೆ. ಸದಸ್ಯನಿಗೆ ಲಕ್ವ ಹೊಡೆದರೆ ಖರ್ಚು ಆ ಸಂಸ್ಥೆಯದ್ದೇ. ಹಾಗಾಗಿ ಲಕ್ವ ಹೊಡೆಯದಂತೆ ನೋಡಿಕೊಳ್ಳುವುದರಲ್ಲಿ ಅದಕ್ಕೆ ಸ್ವಾರ್ಥ ಇದೆ. ರೋಗಿ ಬಂದಷ್ಟೂ ಸಂಪಾದನೆ ಅನ್ನುವ ಆಸ್ಪತ್ರೆಗಳಿಗೆ ಈ ಸ್ವಾರ್ಥ ಇರುವುದಿಲ್ಲ.

ಇಷ್ಟಿದ್ದೂ 2001ರಲ್ಲಿ ಇದರ ಉತ್ತರ ಕ್ಯಾಲಿಫೋರ್ನಿಯಾ ವಿಭಾಗದಲ್ಲಿ ಬಿಪಿ 140/90ಕ್ಕಿಂತ ಕೆಳಗಿದ್ದ ರೋಗಿಗಳು ಶೇ 43.6 ಮಾತ್ರ. ಅದೇ ವರ್ಷ ಅಮೆರಿಕದ ವಿಮಾ ಯೋಜನೆಗಳ ಸರಾಸರಿ ಶೇ 55.4. ಅಂದರೆ ತಜ್ಞರು, ಕಂಪ್ಯೂಟರು, ದುಡ್ಡು ಎಲ್ಲ ಇದ್ದ ಸಂಸ್ಥೆ ಸರಾಸರಿಗಿಂತಲೂ ಹಿಂದಿತ್ತು. 2009ರ ಹೊತ್ತಿಗೆ ಇದು ಶೇ 80.4ಕ್ಕೆ ಏರಿತು, 2011ಕ್ಕೆ ಶೇ 87.1. ಆ ಅವಧಿಯಲ್ಲಿ ರಾಷ್ಟ್ರೀಯ ಸರಾಸರಿ ಏರಿದ್ದು 2009ರಲ್ಲಿ ಶೇ 64.1ರವರೆಗೆ. ಮಾರ್ಕ್ ಜಾಫೆ ಎಂಬ ವೈದ್ಯರು ಮತ್ತು ಸಹೋದ್ಯೋಗಿಗಳು 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕೆ ಜಾಮಾದಲ್ಲಿ ಈ ಲೆಕ್ಕವನ್ನೆಲ್ಲ ಪ್ರಕಟಿಸಿದರು.

ಏನು ಮಾಡಿದರು? ಓದಿದಾಗ ಮೊದಲು ನಿರಾಸೆಯಾಗುತ್ತೆ, ಅಷ್ಟು ಸಾದಾ ಕೆಲಸಗಳು.

ಮೊದಲಿಗೆ ಪಟ್ಟಿ ಮಾಡಿದರು. ಆಸ್ಪತ್ರೆ ಭೇಟಿ, ಔಷಧದಂಗಡಿ, ಲ್ಯಾಬು, ಎಲ್ಲ ಕಡೆಯ ದಾಖಲೆ ಜಾಲಾಡಿ, ತಮ್ಮ ಸದಸ್ಯರಲ್ಲಿ ಬಿಪಿ ಇರುವವರು ಯಾರ್‍ಯಾರು ಅಂತ ಒಂದು ನೋಂದಣಿ ತಯಾರಿಸಿದರು. 2001ರಲ್ಲಿ ಅದರಲ್ಲಿದ್ದವರು ಸುಮಾರು 3.5 ಲಕ್ಷ ಜನ, 2009ಕ್ಕೆ 6.5 ಲಕ್ಷ. ಪಟ್ಟಿ ಅಂದ ಕೂಡಲೇ ನಮಗೆ ಗುಮಾಸ್ತಿಕೆ ಅನ್ನಿಸುತ್ತೆ. ಆದರೆ ಪಟ್ಟಿ ಇಲ್ಲದ ಕ್ಲಿನಿಕ್ಕಿಗೆ ಬಂದ ರೋಗಿ ಮಾತ್ರ ಕಾಣ್ತಾನೆ. ಬರದೆ ಉಳಿದವನು ಕಾಣಿಸುವುದು ಪಟ್ಟಿಯಲ್ಲಿ ಮಾತ್ರ, ಮತ್ತು ಅಪಾಯ ಹೆಚ್ಚಿರುವುದು ಅವನಿಗೇ.

ಪಟ್ಟಿ ಇದ್ದ ಮೇಲೆ ಪ್ರತಿ ಕೇಂದ್ರದಲ್ಲಿ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಅಂತ ಒಂದರಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ತೆಗೆದು ಹಂಚಿದರು. ಚೆನ್ನಾಗಿ ಮಾಡುತ್ತಿರುವ ಕೇಂದ್ರ ಯಾವುದು, ಅಲ್ಲಿ ಏನು ಬೇರೆ ನಡೀತಿದೆ ಅಂತ ಕೇಂದ್ರ ತಂಡ ಹೋಗಿ ನೋಡಿ, ಅದನ್ನು ಉಳಿದವರಿಗೆ ಹೇಳಿಕೊಟ್ಟಿತು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಜಿಲ್ಲೆಗಳ ಶ್ರೇಯಾಂಕ ನೋಡಿ ಮೇಷ್ಟ್ರುಗಳಿಗೆ ಬಿಸಿ ಮುಟ್ಟುತ್ತಲ್ಲ, ಹೆಚ್ಚು ಕಮ್ಮಿ ಹಾಗೆ. ಶಿಕ್ಷೆಗಿಂತ ಕಲಿಕೆಗೆ ಒತ್ತು ಇತ್ತು ಅನ್ನೋದು ವ್ಯತ್ಯಾಸ.

ಮುಂದಿನದು ನನಗೆ ಬಹಳ ಮುಖ್ಯ ಅನ್ನಿಸಿದ್ದು. ಯಾವ ಮಾತ್ರೆಯಿಂದ ಶುರು ಮಾಡಬೇಕು, ಇಳಿಯದಿದ್ದರೆ ಮುಂದೆ ಯಾವುದು ಸೇರಿಸಬೇಕು, ಎಷ್ಟು ಡೋಸ್, ಇದನ್ನೆಲ್ಲ ಹಂತ ಹಂತವಾಗಿ ಬರೆದ ಒಂದೇ ಕ್ರಮ ಇಡೀ ಪ್ರದೇಶಕ್ಕೆ ಜಾರಿಯಾಯಿತು. ಎರಡು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸುತ್ತಿದ್ದರು. ವೈದ್ಯರಿಗೆ ಇದು ಇಷ್ಟವಾಗುವ ಮಾತಲ್ಲ. ಪ್ರತಿ ರೋಗಿಯೂ ಬೇರೆ, ನಮ್ಮ ಅನುಭವಕ್ಕೆ ಬೆಲೆ ಇಲ್ವೇ ಅಂತ ಕೇಳ್ತಾರೆ. ಕೇಳುವುದರಲ್ಲಿ ಅರ್ಥ ಇದೆ. ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹೃದಯ ವೈಫಲ್ಯ ಆದವರು, ಇವರಿಗೆ ತಜ್ಞರ ವಿವೇಚನೆ ಬೇಕೇ ಬೇಕು. ಆದರೆ ಬಹುಪಾಲು ರೋಗಿಗಳು ಹಾಗಲ್ಲ, ಅಪ್ಪನಂಥವರು. ಅವರಿಗೆ ಬೇಕಾದದ್ದು ಅಪರೂಪದ ಜಾಣ್ಮೆಯಲ್ಲ, "ಇಳಿದಿಲ್ಲ, ಮುಂದಿನ ಹಂತಕ್ಕೆ ಹೋಗಿ" ಅಂತ ಹೇಳುವ ಒಂದು ಹಾಳೆ.

2005ರಲ್ಲಿ ಆ ಕ್ರಮಕ್ಕೆ ಲಿಸಿನೋಪ್ರಿಲ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಎರಡೂ ಸೇರಿದ ಒಂದೇ ಮಾತ್ರೆಯನ್ನು ತಂದರು. ಒಂದು ರಕ್ತನಾಳ ಸಡಿಲಿಸುವುದು, ಇನ್ನೊಂದು ಉಪ್ಪು ನೀರು ಹೊರಹಾಕುವುದು. ಒಂದೇ ಔಷಧದ ಡೋಸ್ ಎರಡು ಪಟ್ಟು ಮಾಡುವುದಕ್ಕಿಂತ ಬೇರೆ ಬೇರೆ ದಾರಿಯ ಎರಡು ಔಷಧ ಕಮ್ಮಿ ಡೋಸಿನಲ್ಲಿ ಕೊಟ್ಟರೆ ಬಿಪಿ ಹೆಚ್ಚು ಇಳಿಯುತ್ತೆ, ಅಡ್ಡಪರಿಣಾಮವೂ ಕಮ್ಮಿ. ಜೊತೆಗೆ ರೋಗಿ ನುಂಗಬೇಕಾದದ್ದು ಒಂದೇ ಮಾತ್ರೆ. 2001ರಲ್ಲಿ ತಿಂಗಳಿಗೆ 13 ಚೀಟಿಗಳಲ್ಲಿ ಮಾತ್ರ ಇದ್ದ ಈ ಮಾತ್ರೆ 2009ಕ್ಕೆ ತಿಂಗಳಿಗೆ 23,144 ಚೀಟಿಗಳಿಗೆ ಬಂತು. ಇಂಥ ಜೋಡಿ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು 2019ರಲ್ಲಿ.

ಕೊನೆಯ ತುಂಡು 2007ರದ್ದು. ಔಷಧ ಬದಲಿಸಿದ ಎರಡರಿಂದ ನಾಲ್ಕು ವಾರಕ್ಕೆ ರೋಗಿ ಬಂದು ಬಿಪಿ ತೋರಿಸಬೇಕು. ಆದರೆ ಡಾಕ್ಟರಿಗಲ್ಲ, ತರಬೇತಿ ಪಡೆದ ಸಹಾಯಕರಿಗೆ. ಅಪಾಯಿಂಟ್‌ಮೆಂಟಿಗೆ ಕಾಯುವುದಿಲ್ಲ, ರೋಗಿ ಕೈಯಿಂದ ಫೀಸು ಕೊಡುವುದಿಲ್ಲ. ಸಹಾಯಕರು ಅಳೆದು ವೈದ್ಯರಿಗೆ ತಿಳಿಸ್ತಾರೆ, ಡೋಸ್ ಬದಲಿಸುವ ತೀರ್ಮಾನ ವೈದ್ಯರದ್ದು. ಗೀಸರ್ ಉದಾಹರಣೆಗೆ ವಾಪಸ್ ಬಂದರೆ, ಮತ್ತೆ ಅಳೆಯುವ ಆ ಕೊಂಡಿ ಕೂಡಿಕೊಂಡದ್ದು ಇಲ್ಲಿ.

ಈ ಅಂಕಿಗಳನ್ನು ಎಷ್ಟು ನಂಬಬೇಕು?

ಇದು ಪ್ರಯೋಗವಲ್ಲ. ಅರ್ಧ ಜನಕ್ಕೆ ಈ ಪದ್ಧತಿ, ಅರ್ಧ ಜನಕ್ಕೆ ಹಳೆಯದು ಅಂತ ಚೀಟಿ ಎತ್ತಿ ಹೋಲಿಸಿಲ್ಲ. ಮೊದಲು ಹೀಗಿತ್ತು, ಆಮೇಲೆ ಹೀಗಾಯ್ತು ಅನ್ನುವ ಲೆಕ್ಕ. ಐದೂ ಕೆಲಸ ಒಟ್ಟಿಗೆ ನಡೆದವು, ಹಾಗಾಗಿ ಯಾವುದರಿಂದ ಎಷ್ಟು ಲಾಭವಾಯಿತು ಅಂತ ಬಿಡಿಸಿ ಹೇಳಲಾಗದು. ಇನ್ನೊಂದು ಸಂದೇಹ ನನ್ನದು: ಪಟ್ಟಿ 3.5 ಲಕ್ಷದಿಂದ 6.5 ಲಕ್ಷಕ್ಕೆ ಬೆಳೆದಾಗ ಹೊಸದಾಗಿ ಸೇರಿದವರಲ್ಲಿ ಬಿಪಿ ಸ್ವಲ್ಪವೇ ಹೆಚ್ಚಿದ್ದವರು ಜಾಸ್ತಿ ಇರಬಹುದು. ಅಂಥವರನ್ನು ಹತೋಟಿಗೆ ತರುವುದು ಸುಲಭ, ಪ್ರಮಾಣ ತಾನಾಗೇ ಏರುತ್ತೆ. ಆದರೂ 43ರಿಂದ 80ಕ್ಕೆ ಏರಿದ ಇಡೀ ಅಂತರವನ್ನು ಇದೊಂದೇ ವಿವರಿಸುತ್ತೆ ಅಂತ ನನಗನ್ನಿಸುವುದಿಲ್ಲ. ಅದೇ ಸಂಸ್ಥೆಯ ಸದಸ್ಯರಲ್ಲಿ ಹೃದಯಾಘಾತದ ಪ್ರಮಾಣ 1999ರಿಂದ 2008ರೊಳಗೆ ಶೇ 24ರಷ್ಟು ಇಳಿಯಿತು ಅಂತ 2010ರಲ್ಲಿ ಇನ್ನೊಂದು ಅಧ್ಯಯನ ಬಂತು. ಕೊಲೆಸ್ಟರಾಲ್ ಮಾತ್ರೆ, ಸಿಗರೇಟು ಬಿಟ್ಟವರು, ಇವೂ ಅದರಲ್ಲಿ ಸೇರಿವೆ. ಪೂರ್ತಿ ಶ್ರೇಯಸ್ಸನ್ನು ಬಿಪಿಗೆ ಕೊಡಲಾಗದು.

ನಮ್ಮಲ್ಲಿ ಏಳುವ ಆಕ್ಷೇಪ ಬೇರೆ. ಅದು ಅಮೆರಿಕ ಸ್ವಾಮಿ, ಅಲ್ಲಿ ಎಲ್ಲ ಕಂಪ್ಯೂಟರ್, ನಮ್ಮ ಪಿಎಚ್‌ಸಿಯಲ್ಲಿ ಕರೆಂಟೇ ಇರೋಲ್ಲ. ಈ ಆಕ್ಷೇಪಕ್ಕೆ ಉತ್ತರ ಭಾರತದಲ್ಲೇ ಇದೆ.

ಪಂಜಾಬಿನಿಂದ ಕೇರಳದವರೆಗೆ

ಜಾಮಾದಲ್ಲಿ ಆ ಲೇಖನ ಬರೆದ ಮಾರ್ಕ್ ಜಾಫೆ ಆಮೇಲೆ ರಿಸಾಲ್ವ್ ಟು ಸೇವ್ ಲೈವ್ಸ್ ಎಂಬ ಸಂಸ್ಥೆಯ ಜೊತೆ ಕೆಲಸ ಮಾಡಿದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮುಖ್ಯಸ್ಥರಾಗಿದ್ದ ಟಾಮ್ ಫ್ರೀಡನ್ ನಡೆಸುವ ಸಂಸ್ಥೆ ಅದು. ಫ್ರೀಡನ್ 1990ರ ದಶಕದಲ್ಲಿ ಭಾರತದ ಕ್ಷಯರೋಗ ಕಾರ್ಯಕ್ರಮದಲ್ಲಿ ದುಡಿದವರು. ಒಬ್ಬೊಬ್ಬ ಕ್ಷಯರೋಗಿಗೂ ಕಾರ್ಡು, ನಿಗದಿತ ಔಷಧ, ಚಿಕಿತ್ಸೆ ಮುಗಿಸಿದವರ ಲೆಕ್ಕ, ಇದು ಅಲ್ಲಿನ ಪದ್ಧತಿ. ಕ್ಷಯದ ರಿಜಿಸ್ಟರು ಮತ್ತು ಕೈಸರ್‌ನ ಪಟ್ಟಿ, ಎರಡರ ಹಿಂದಿರುವ ಯೋಚನೆ ಒಂದೇ.

2017ರ ನವೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಕೇಂದ್ರ ಆರೋಗ್ಯ ಇಲಾಖೆ, ರಾಜ್ಯ ಸರ್ಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವನ್ನು ಶುರು ಮಾಡಿದವು. ಫ್ರೀಡನ್ ಸಂಸ್ಥೆ ತಾಂತ್ರಿಕ ನೆರವು ಕೊಟ್ಟಿತು. ಮೊದಲ ಹಂತದಲ್ಲಿ ಪಂಜಾಬ್, ಮಧ್ಯಪ್ರದೇಶ, ಮಹಾರಾಷ್ಟ್ರ, ತೆಲಂಗಾಣ, ಕೇರಳದ ಕೆಲವು ಜಿಲ್ಲೆಗಳು. ಗಮನಿಸಿ, ನಮ್ಮ ಅಕ್ಕಪಕ್ಕದ ಮೂರು ರಾಜ್ಯಗಳು ಅದರಲ್ಲಿದ್ದವು.

ಇಲ್ಲೂ ಹಂತ ಹಂತದ ಹಾಳೆ. ಬಿಪಿ 140/90 ದಾಟಿದೆ ಅಂತ ಖಚಿತವಾದರೆ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ ಶುರು. ತಿಂಗಳಿಗೆ ಇಳಿಯದಿದ್ದರೆ ಟೆಲ್ಮಿಸಾರ್ಟನ್ ಸೇರಿಸುವುದು ಅಥವಾ ಡೋಸ್ ಏರಿಸುವುದು, ಅದಕ್ಕೂ ಬಗ್ಗದಿದ್ದರೆ ಕ್ಲೋರ್ಥಲಿಡೋನ್. ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ವ್ಯತ್ಯಾಸ ಇದೆ, ಸೂತ್ರ ಒಂದೇ. ಹಾಳೆಯಿಂದ ಇನ್ನೊಂದು ಲಾಭವೂ ಆಯಿತು. ಮೊದಲು ಪಿಎಚ್‌ಸಿಗಳಲ್ಲಿ ಹತ್ತು ಬಗೆಯ ಬಿಪಿ ಮಾತ್ರೆ ಚೂರು ಚೂರು ಇರುತ್ತಿದ್ದವು, ಬೇಕಾದದ್ದು ಇರುತ್ತಿರಲಿಲ್ಲ. ಮೂರೇ ಔಷಧ ಅಂತಾದ ಮೇಲೆ ಎಷ್ಟು ರೋಗಿಗಳಿದ್ದಾರೆ, ಎಷ್ಟು ಮಾತ್ರೆ ಬೇಕು ಅಂತ ಲೆಕ್ಕ ಹಾಕಿ ತರಿಸುವುದು ಸಾಧ್ಯವಾಯಿತು. ರೇಷನ್ ಅಂಗಡಿಗೆ ಅಕ್ಕಿ ಲೆಕ್ಕ ಹಾಕುವಷ್ಟೇ ಸರಳ. ಒಂದು ಸಲಕ್ಕೆ ತಿಂಗಳ ಮಾತ್ರೆ ಕೊಡುವುದು ರೂಢಿಯಾಯಿತು. ದಿನಗೂಲಿ ಬಿಟ್ಟು ವಾರಕ್ಕೊಮ್ಮೆ ಸಾಲಿನಲ್ಲಿ ನಿಲ್ಲುವವರಿಗೆ ಇದೆಷ್ಟು ದೊಡ್ಡ ವಿಷಯ ಅಂತ ಸಾಲಿನಲ್ಲಿ ನಿಂತವರಿಗೇ ಗೊತ್ತು.

ರೋಗಿಗೊಂದು ಕಾರ್ಡು, ಅದಕ್ಕೊಂದು ಗುರುತಿನ ಸಂಖ್ಯೆ. ನರ್ಸ್ ಮೊಬೈಲಿನಲ್ಲಿ ಸಿಂಪಲ್ ಅನ್ನೋ ಆ್ಯಪ್. ಬಿಪಿ ಎಷ್ಟು, ಯಾವ ಮಾತ್ರೆ, ಮುಂದೆ ಯಾವಾಗ ಬರಬೇಕು, ಇಷ್ಟು ತುಂಬಿದರೆ ಆಯ್ತು. ಯಾರು ಬಂದಿಲ್ಲ ಅಂತ ಅದೇ ಹೇಳುತ್ತೆ, ಅವರಿಗೆ ಫೋನ್ ಹೋಗುತ್ತೆ. ಕೋವಿಡ್ ಲಾಕ್‌ಡೌನ್‌ನಲ್ಲಿ ಈ ಪಟ್ಟಿ ಹಿಡಿದುಕೊಂಡೇ ಹಲವು ಕಡೆ ಆರೋಗ್ಯ ಕಾರ್ಯಕರ್ತೆಯರು ಹಳ್ಳಿ ಹಳ್ಳಿಗೆ ಮಾತ್ರೆ ಮುಟ್ಟಿಸಿದರು. ತಾಲ್ಲೂಕು ಆಸ್ಪತ್ರೆಯಿಂದ ಉಪಕೇಂದ್ರಕ್ಕೆ ಚಿಕಿತ್ಸೆ ಹತ್ತಿರ ಬಂದಷ್ಟೂ ಜನ ತಪ್ಪದೆ ಬರ್ತಾರೆ ಅನ್ನೋದೂ ಗೊತ್ತಾಯಿತು.

ಫಲಿತಾಂಶ? ಈ ಕಾರ್ಯಕ್ರಮದಲ್ಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರ ಬಿಪಿ ಹತೋಟಿಗೆ ಬಂದಿದೆ. 80 ಅಲ್ಲ. ಆದರೆ ಕ್ಯಾಲಿಫೋರ್ನಿಯಾ ಹೊರಟ ಜಾಗವೂ 43 ಆಗಿತ್ತು. 2022ರ ಸೆಪ್ಟೆಂಬರಿನಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. 2025ರ ಅಂತ್ಯದೊಳಗೆ ಬಿಪಿ ಮತ್ತು ಸಕ್ಕರೆ ಕಾಯಿಲೆಯ 7.5 ಕೋಟಿ ಜನರಿಗೆ ಪ್ರಮಾಣಿತ ಚಿಕಿತ್ಸೆ ಅಂತ 2023ರ ಮೇನಲ್ಲಿ ಕೇಂದ್ರ ಸರ್ಕಾರ ಗುರಿ ಘೋಷಿಸಿತು. ಅಲ್ಲೊಂದು ಸೂಕ್ಷ್ಮ ಇದೆ ನೋಡಿ. ಗುರಿ ಇರುವುದು ಚಿಕಿತ್ಸೆಗೆ ಸೇರಿಸಿಕೊಳ್ಳುವುದಕ್ಕೆ. ಎಷ್ಟು ಜನರ ಬಿಪಿ ಇಳಿಯಬೇಕು ಅನ್ನೋದು ಆ ಅಂಕಿಯಲ್ಲಿ ಇಲ್ಲ.

ನಮ್ಮಲ್ಲಿ

ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದಿದೆ. ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸಿಬ್ಬಂದಿ 30 ದಾಟಿದವರ ಬಿಪಿ, ಸಕ್ಕರೆ, ಕೆಲವು ಕ್ಯಾನ್ಸರ್‌ಗಳ ತಪಾಸಣೆಯನ್ನು ಮನೆಬಾಗಿಲಲ್ಲೇ ಮಾಡ್ತಾರೆ. ಇದಕ್ಕೂ ಮೂರು ವರ್ಷ ಮೊದಲು, 2021ರ ಆಗಸ್ಟಿನಲ್ಲಿ, ತಮಿಳುನಾಡು ಮನೆಗೇ ಔಷಧ ತಲುಪಿಸುವ ಯೋಜನೆಯನ್ನು ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿತ್ತು. ಗೃಹ ಆರೋಗ್ಯ ಒಳ್ಳೆಯ ಹೆಜ್ಜೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಪ್ರಕಟಣೆಗಳ ಬಗ್ಗೆ. ಇಷ್ಟು ಲಕ್ಷ ಜನರ ತಪಾಸಣೆಯಾಯಿತು, ಇಷ್ಟು ಜನರಲ್ಲಿ ಬಿಪಿ ಪತ್ತೆಯಾಯಿತು, ಇದು ಸುದ್ದಿ. ಹೋದ ವರ್ಷ ಪತ್ತೆಯಾದವರಲ್ಲಿ ಈ ತಿಂಗಳು ಎಷ್ಟು ಜನ 140/90ರ ಕೆಳಗಿದ್ದಾರೆ, ಎಷ್ಟು ಜನ ಮೂರು ತಿಂಗಳಿಂದ ಮಾತ್ರೆ ಒಯ್ಯಲು ಬಂದಿಲ್ಲ, ಇದು ಸುದ್ದಿಯಾಗುವುದಿಲ್ಲ.

ಇದಕ್ಕೆ ಹೊಸ ತಂತ್ರಾಂಶ ಬೇಕಿಲ್ಲ. ರಾಷ್ಟ್ರೀಯ ಎನ್‌ಸಿಡಿ ಪೋರ್ಟಲ್‌ನಲ್ಲಿ ರೋಗಿಗಳ ವಿವರ ಈಗಾಗಲೇ ತುಂಬುತ್ತಾರೆ. ಆಶಾ ಕಾರ್ಯಕರ್ತೆಯರ ಕೈಗೆ ಇನ್ನೊಂದು ಆ್ಯಪ್ ಕೊಟ್ಟರೆ ಅವರು ನಮ್ಮನ್ನೆಲ್ಲ ಶಪಿಸ್ತಾರೆ, ಸರಿಯಾಗೇ ಶಪಿಸ್ತಾರೆ. ಇರುವ ಮಾಹಿತಿಯಿಂದ ಪಿಎಚ್‌ಸಿವಾರು ಹತೋಟಿ ಪ್ರಮಾಣ ತೆಗೆದು ಮೂರು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಿದರೆ ಸಾಕು, ಮಿಕ್ಕ ಒತ್ತಡ ತಾನಾಗೇ ಹುಟ್ಟುತ್ತೆ. ಸುಳ್ಳು ಅಂಕಿ ತುಂಬುವ ಅಪಾಯ ಇದ್ದೇ ಇದೆ. 138/88 ಅಂತ ಸಾಲಾಗಿ ಬರೆದಿರುವ ರಿಜಿಸ್ಟರುಗಳನ್ನು ನಾನೇ ನೋಡಿದ್ದೇನೆ. ಅದಕ್ಕೆ ಅಲ್ಲೊಂದು ಇಲ್ಲೊಂದು ಮರುಪರೀಕ್ಷೆ ಇಡಬೇಕು. ಮತ್ತು ಯಂತ್ರವೇ ತಾನಾಗಿ ಅಳೆಯುವ ಡಿಜಿಟಲ್ ಬಿಪಿ ಮೀಟರ್ ಎಲ್ಲ ಉಪಕೇಂದ್ರದಲ್ಲೂ ಇರಬೇಕು.

ಹೃದಯಾಘಾತ ಆದ ಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಗಂಟು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತೆ, ಜಯದೇವದಂಥ ದೊಡ್ಡ ಆಸ್ಪತ್ರೆಗಳ ತಜ್ಞರು ಇಸಿಜಿ ನೋಡಿ ಸಲಹೆ ಕೊಡ್ತಾರೆ. ಆ ಇಂಜೆಕ್ಷನ್ ಬೇಕಾಗದ ಹಾಗೆ ಹತ್ತು ವರ್ಷ ಮೊದಲೇ ಕೊಡಬೇಕಾದ ಆಮ್ಲೋಡಿಪಿನ್‌ಗೆ ಯಾರ ಹೆಸರೂ ಇಲ್ಲ.

ದೊಡ್ಡ ತೂತು ಇರುವುದು ಖಾಸಗಿಯಲ್ಲಿ. ಹೊರರೋಗಿ ಚಿಕಿತ್ಸೆಗೆ ನಮ್ಮ ಜನ ಹೆಚ್ಚಾಗಿ ಹೋಗುವುದು ಖಾಸಗಿ ಕ್ಲಿನಿಕ್ಕಿಗೆ. ನಮ್ಮಪ್ಪ ಯಾವ ಸರ್ಕಾರಿ ಪಟ್ಟಿಯಲ್ಲೂ ಇರಲಿಲ್ಲ. ಕ್ಷಯವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ನಿಯಮ ಇದೆ. ಬಿಪಿಗೆ ಹಾಗೆ ಮಾಡಲಾಗದು, ಮಾಡಲೂಬಾರದು, ಅಷ್ಟು ಜನರ ಖಾಸಗಿ ಮಾಹಿತಿಯನ್ನು ಒಂದೆಡೆ ಗುಡ್ಡೆ ಹಾಕುವುದು ಬೇರೆಯದೇ ತಲೆನೋವು. ಆದರೆ ಒಂದು ಕ್ಲಿನಿಕ್ಕು ತನ್ನ ರೋಗಿಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡು, ಬರದವರಿಗೆ ಫೋನ್ ಮಾಡುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಬಾಣಂತಿ ಮಗುವಿನ ಲಸಿಕೆಗೆ ಮೆಸೇಜ್ ಕಳಿಸುವ ಕ್ಲಿನಿಕ್ಕುಗಳು ಬೇಕಾದಷ್ಟಿವೆ.

ನಿಮ್ಮ ಮನೆಯಲ್ಲಿ

ಕೆಲವು ವಿಷಯ ನೇರವಾಗಿ ಹೇಳಿಬಿಡ್ತೀನಿ. ಬಿಪಿ ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಬೇಡ. ಮೂತ್ರ ತಡೆದುಕೊಂಡು ಕೂರಬೇಡಿ. ಅಳೆಯುವಾಗ ಮಾತು ಬೇಡ. ನಮ್ಮ ಕ್ಲಿನಿಕ್ಕುಗಳಲ್ಲಿ ಪಟ್ಟಿ ಸುತ್ತಿಕೊಂಡೇ "ಮಗಳ ಮದುವೆ ಯಾವಾಗ ಮೇಷ್ಟ್ರೇ" ಅಂತ ಶುರುವಾಗುತ್ತೆ, ಯಂತ್ರ ತಪ್ಪು ತೋರಿಸದೆ ಏನು ಮಾಡುತ್ತೆ? ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ.

ಉಪ್ಪು ಕಮ್ಮಿ ಮಾಡುವುದು ನಿಜವಾಗಿಯೂ ಕೆಲಸ ಮಾಡುತ್ತೆ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲ ಸೇರಿ ಅಷ್ಟರೊಳಗೆ ಇರಬೇಕು. ನಡಿಗೆ, ತೂಕ, ಕುಡಿತ, ಎಲ್ಲ ಮುಖ್ಯ. ಆದರೆ "ಮೊದಲು ಉಪ್ಪು ಬಿಡಿ, ಮಾತ್ರೆ ಆಮೇಲೆ ನೋಡೋಣ" ಅನ್ನುವ ಮಾತು ವರ್ಷಗಟ್ಟಲೆ ಎಳೆದರೆ ಅದು ಚಿಕಿತ್ಸೆಯಲ್ಲ, ಮುಂದೂಡಿಕೆ.

ಗುರಿ 140/90 ಇರಬೇಕೋ 130/80 ಇರಬೇಕೋ ಅಂತ ತಜ್ಞರಲ್ಲಿ ಚರ್ಚೆ ಇದೆ. ಅದನ್ನು ನಿಮ್ಮ ವೈದ್ಯರ ಜೊತೆ ಮಾತಾಡಿ. ಎರಡು ಸಲ ಸತತವಾಗಿ ಗುರಿಗಿಂತ ಮೇಲೆ ಬಂದರೆ "ಮುಂದಿನ ಹಂತ ಏನು ಡಾಕ್ಟ್ರೇ, ಮತ್ತೆ ಯಾವಾಗ ತೋರಿಸಲಿ?" ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಮಾತ್ರೆಯಿಂದ ಕಾಲು ಊದಿಕೊಂಡರೆ, ಒಣಕೆಮ್ಮು ಬಂದರೆ ಹೇಳಿ, ಬದಲಿಗೆ ಬೇರೆ ಔಷಧ ಇರುತ್ತೆ. ಹೇಳದೆ ನಿಲ್ಲಿಸಿಬಿಡುವವರೇ ಜಾಸ್ತಿ. ನಿಮ್ಮಷ್ಟಕ್ಕೆ ನೀವೇ ಡೋಸ್ ಏರಿಸಲೂಬೇಡಿ, ಇಳಿಸಲೂಬೇಡಿ.

ಅಪ್ಪ ಈಗ ಒಬ್ಬರೇ ಡಾಕ್ಟರ ಹತ್ತಿರ ಹೋಗ್ತಾರೆ. ಎರಡು ಔಷಧ ಸೇರಿದ ಒಂದು ಮಾತ್ರೆ, ಬೆಳಿಗ್ಗೆ ಕಾಫಿ ಆದ ಮೇಲೆ. ವಾರಕ್ಕೆರಡು ಸಲ ಅಮ್ಮ ಬಿಪಿ ನೋಡಿ ಕ್ಯಾಲೆಂಡರಿನ ಆ ತಾರೀಖಿನ ಮನೆಯೊಳಗೆ ಬರೀತಾರೆ, ತಿಂಗಳ ಕೊನೆಗೆ ಹಾಳೆಯ ಫೋಟೋ ನನಗೆ ಬರುತ್ತೆ. ಹೋದ ತಿಂಗಳು ಒಂದು ದಿನ ಬಿಟ್ಟು ಉಳಿದದ್ದೆಲ್ಲ 140ರ ಒಳಗೇ ಇತ್ತು. ಆ ಒಂದು ದಿನ ಮನೆಯಲ್ಲಿ ಹೊಸ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ತೆರೆದಿದ್ದರಂತೆ. ಫೋನಿನಲ್ಲಿ ಅಪ್ಪ ಕೇಳಿದರು: "ಎಲ್ಲ ನಾರ್ಮಲ್ ಬರ್ತಿದೆಯಲ್ಲೋ, ಇನ್ನು ಮಾತ್ರೆ ಬಿಡಬಹುದಾ?"

ಅದು ನಾರ್ಮಲ್ ಬರ್ತಿರೋದು ಮಾತ್ರೆಯಿಂದ ಅಪ್ಪಾ ಅಂದೆ. ಹೂಂ ಅಂದರು, ಅಷ್ಟೇನೂ ಒಪ್ಪಿದ ಹಾಗೆ ಕೇಳಿಸಲಿಲ್ಲ.